ಮನೆಪಾಠಕ್ಕೆ ದಂಡ ಅನ್ನೋ ಮೆಸೇಜ್: ಒಂದು ಸ್ಪಷ್ಟನೆ

‘ಮೂರು ತುಂಬಿದ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ದೇವರು, ಪದ್ಧತಿ, ಕೊಡವ ತಕ್ಕ್ (ಕೊಡವ ಭಾಷೆ) ಕಲಿಸಿದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ದಂಡ’ ಎಂಬ ಮೆಸೇಜ್ ಕೊಡಗಿನ ಗ್ರೂಪುಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಸುಮ್ನೆ ಮುಂದಕ್ಕೆ ಕಳಿಸಿಬಿಟ್ಟೆ. ಆ ಮೆಸೇಜ್ ತಪ್ಪು.

2009ರ ಆ ಕಾಯ್ದೆ ಇರುವುದು 6ರಿಂದ 14 ವರ್ಷದ ಮಕ್ಕಳಿಗೆ. ಆ ವಯಸ್ಸಿನವರನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ 10ನೇ ಸೆಕ್ಷನ್. ಅದರಲ್ಲೂ ದಂಡದ ಮಾತಿಲ್ಲ. ಹಾಗಂತ ಆರರ ನಂತರ ಶಾಲೆ ಬೇಡ ಅಂತಲ್ಲ, ಕರ್ತವ್ಯ ಕರ್ತವ್ಯವೇ.

ಸಂಜೆ ನೆಲ್ಲಕ್ಕಿಯಲ್ಲಿ (ಮನೆಯ ನಡುಕೋಣೆಯಲ್ಲಿ) ದೀಪ ಹಚ್ಚುವಾಗ ಪುಟ್ಟ ಕೈಗಳನ್ನು ಜೋಡಿಸಿ ಇಗ್ಗುತ್ತಪ್ಪನ ಹೆಸರು ಹೇಳಿಸುವುದು, ಸುಗ್ಗಿ ಹಬ್ಬ ಪುತ್ತರಿಗೆ ಭತ್ತದ ಕದಿರು ತರುವಾಗ ‘ಪೊಲಿ ಪೊಲಿ ದೇವಾ’ ಕೂಗಿಸುವುದು ಯಾವ ವಯಸ್ಸಿನಲ್ಲೂ ಅಪರಾಧವಲ್ಲ, ಅಲ್ವಾ? ದಯವಿಟ್ಟು ಆ ಮೆಸೇಜ್ ಇನ್ನು ಯಾರಿಗೂ ಕಳಿಸಬೇಡಿ.