ನೋಡದೇ ‘ಹಳೇದಾಯ್ತು’ ಅನ್ನುವವರ ಮೇಲೆ ನನಗೆ ಸಿಟ್ಟಿದೆ

ಶಿರಸಿಯ ಮಾವನ ಮನೆಯಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಉದ್ದವಾದರೆ ಸಹಿಸಿಕೊಳ್ಳಿ.

ಮಾವನ ಯಕ್ಷಗಾನದ ಆಟದ ಹುಚ್ಚು ನಿಮ್ಮಲ್ಲಿ ಹಲವರಿಗೆ ಗೊತ್ತು. ಟಿವಿಯ ಹಿಂದೆ ಪುಟ್ಟ ಕಂಪ್ಯೂಟರ್ ಒಂದನ್ನು ಇಟ್ಟುಕೊಂಡಿದ್ದಾರೆ. ಯೂಟ್ಯೂಬಿನ ಪ್ರಸಂಗಗಳು, ಕಪಾಟಿನ ತುಂಬ ಇರುವ ಡಿವಿಡಿಗಳು, ಎಲ್ಲವೂ ಅದರಲ್ಲೇ. ಈಚೆಗೆ ಅಂಗಡಿಯೊಂದರಲ್ಲಿ ಅದನ್ನು ಫಾರ್ಮ್ಯಾಟ್ ಮಾಡಿಸಿದರು. ಮನೆಗೆ ತಂದ ಮೇಲೆ ಯಾವ ವಿಡಿಯೋ ಹಾಕಿದರೂ ಚಿತ್ರ ತಡೆತಡೆದು ಬರುತ್ತಿತ್ತು, ಭಾಗವತರ ಪದ ಮುಂದೆ, ವೇಷದ ಕುಣಿತ ಹಿಂದೆ. ಮತ್ತೆ ಅಂಗಡಿಗೆ ಒಯ್ದರೆ ಬಂದ ಉತ್ತರವನ್ನು ಮಾವನ ಬಾಯಲ್ಲೇ ಕೇಳಿ: “ಹಳೇದಾತಡ ತಮಾ, ಹೊಸಾದು ತಗಳವಡ.” ಹೊಸದಕ್ಕೆ ನಲವತ್ತು ಸಾವಿರ. ಅಡಿಕೆ ಮಾರಿದ ದುಡ್ಡಲ್ಲಿ ತೆಗೆದಿಟ್ಟೂ ಆಗಿತ್ತು.

ಅಂಗಡಿಯವರು ಅದರಲ್ಲಿ ಒಂದು ವಿಡಿಯೋ ಹಾಕಿ ನೋಡಿದರಾ ಅಂತ ಕೇಳಿದೆ. ಇಲ್ಲವಂತೆ. ನೋಡದೆ ಹೇಳಿದ್ದು!

ನಾನು ಮಾಡಿದ್ದು ಇಷ್ಟೇ. ವಿಡಿಯೋ ಓಡುತ್ತಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಪ್ರೊಸೆಸರ್ ಶೇಕಡಾ 100ಕ್ಕೆ ಹೋಗಿ ಅಂಟಿಕೊಂಡಿತ್ತು. ಆ ಪಟ್ಟಿಯಲ್ಲಿ ಚಿತ್ರದ ಕೆಲಸ ನೋಡಿಕೊಳ್ಳುವ ಜಿಪಿಯು ಅನ್ನುವ ಸಾಲೇ ಇರಲಿಲ್ಲ. ಡಿವೈಸ್ ಮ್ಯಾನೇಜರ್‌ಗೆ ಹೋದರೆ ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಬರೆದಿತ್ತು. ಅಂದರೆ ವಿಂಡೋಸ್ ಹಾಕಿದವರು ಗ್ರಾಫಿಕ್ಸ್ ಡ್ರೈವರ್, ಅಂದರೆ ಆ ಜಿಪಿಯುವಿನಿಂದ ಕೆಲಸ ಮಾಡಿಸುವ ತಂತ್ರಾಂಶ, ಹಾಕಿಯೇ ಇಲ್ಲ. ಅಪ್‌ಡೇಟನ್ನೂ ನಿಲ್ಲಿಸಿಟ್ಟಿದ್ದರು, ಹಾಗಾಗಿ ಅದು ತಾನಾಗಿಯೂ ಬರಲಿಲ್ಲ.

ಮಾವನದ್ದು ಇಂಟೆಲ್ಲಿನ ಆರನೇ ತಲೆಮಾರಿನ ಐ3, 2015ರಲ್ಲಿ ಬಂದ ಸರಣಿ. ವಿಡಿಯೋ ಕುಗ್ಗಿಸಿಡುವ ವಿಧಾನ ಎಚ್.264 ಆಗಲಿ, ಸಾಮಾನ್ಯ 8 ಬಿಟ್ ಎಚ್.265 ಆಗಲಿ, ಅದನ್ನು ಬಿಡಿಸಿ ತೋರಿಸಲಿಕ್ಕೆಂದೇ ಆ ಚಿಪ್ಪಿನೊಳಗೆ ಬೇರೆ ಭಾಗವಿದೆ. ಡ್ರೈವರ್ ಇಲ್ಲದಿದ್ದರೆ ಆ ಭಾಗ ಸುಮ್ಮನೆ ಕೂರುತ್ತದೆ, ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಮನೆಯಲ್ಲಿ ಗ್ರೈಂಡರ್ ಇಟ್ಟುಕೊಂಡು ಮದುವೆ ಅಡುಗೆಗೆ ಒರಳಲ್ಲಿ ರುಬ್ಬಿದ ಹಾಗೆ. ಡ್ರೈವರ್ ಹಾಕಿದೆ, ಯೂಟ್ಯೂಬ್ ಸಲೀಸಾಯಿತು. ಖರ್ಚು ಸೊನ್ನೆ. ಇದಕ್ಕೆ ನಲವತ್ತು ಸಾವಿರ ಕೇಳಿದ್ದರು!

ಆದರೆ ಡಿವಿಡಿ ಹಾಕಿದಾಗ ಮಾವ ತಲೆ ಅಲ್ಲಾಡಿಸಿದರು. ಪ್ರೊಸೆಸರ್ ಆರಾಮಾಗಿದೆ, ಪದ ಸರಿಯಾಗಿ ಕೂತಿದೆ, ಆದರೂ ಮಂಡಿ ಕುಣಿತ ಬಂದಲ್ಲಿ ವೇಷದ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳು, ಜೊತೆಗೆ ಒಂದೇ ಲಯದಲ್ಲಿ ಸಣ್ಣ ಕುಲುಕು. ಇದು ಬೇರೆಯದೇ ರೋಗ. ನಮ್ಮ ದೇಶದ ಹಳೆ ಟಿವಿ ಪ್ರಸಾರ, ಇಂಥ ಆಟದ ಡಿವಿಡಿ, ಹಳೆ ಮದುವೆ ವಿಡಿಯೋಗಳಲ್ಲಿ ಹೆಚ್ಚಿನವು ಪ್ಯಾಲ್ ಪದ್ಧತಿಯವು. ಸೆಕೆಂಡಿಗೆ 25 ಫ್ರೇಮ್, ಒಂದೊಂದು ಫ್ರೇಮಿನಲ್ಲಿ ಬೇರೆ ಬೇರೆ ಕ್ಷಣದ ಎರಡು ಅರೆಚಿತ್ರ, ಒಟ್ಟು 50. ಎರಡನ್ನೂ ಒಟ್ಟಿಗೆ ತೋರಿಸಿದರೆ ಆ ಬಾಚಣಿಗೆ ಗೆರೆ. ಕಂಪ್ಯೂಟರ್ ಮಾತ್ರ ರೂಢಿಯಂತೆ ಟಿವಿಗೆ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಕಳಿಸುತ್ತದೆ. 50ನ್ನು 60ರಲ್ಲಿ ತುಂಬಲು ಪ್ರತಿ ಐದರಲ್ಲಿ ಒಂದನ್ನು ಎರಡು ಸಲ ತೋರಿಸಬೇಕು. 25 ಫ್ರೇಮಿನದ್ದಾದರೆ ಕೆಲವು ಎರಡು ಸಲ, ಕೆಲವು ಮೂರು ಸಲ. ಕ್ಯಾಮೆರಾ ನಿಧಾನ ಅತ್ತಿತ್ತ ಹೊರಳಿದಾಗ, ವೇಷಧಾರಿ ಗಿರ್ರನೆ ತಿರುಗಿದಾಗ ಅದು ಕಣ್ಣಿಗೆ ಬಡಿಯುತ್ತದೆ. ಎಂಥ ಹೊಸ ಕಂಪ್ಯೂಟರ್ ತಂದರೂ ಇದು ಹೋಗುವುದಿಲ್ಲ ಸ್ವಾಮಿ! ನಲವತ್ತು ಸಾವಿರ ಕೊಟ್ಟ ಮೇಲೂ ಮಾವನಿಗೆ ಇದೇ ಕುಲುಕು ಕಾಣುತ್ತಿತ್ತು.

ವಿಂಡೋಸಿನ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ 50 ಹರ್ಟ್ಸ್ ಮಾಡಿದೆ. ವಿಡಿಯೋ ಓಡಿಸುವ ತಂತ್ರಾಂಶ ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ ‘ಯಾಡಿಫ್ 2ಎಕ್ಸ್’ ಆರಿಸಿದೆ. ಅರೆಚಿತ್ರಗಳು 50 ಪೂರ್ತಿ ಚಿತ್ರಗಳಾದವು. ಗೆರೆಯೂ ಹೋಯಿತು, ಕುಲುಕೂ ಹೋಯಿತು. ಅಂಥದ್ದೇ ಇನ್ನೊಂದು ತಂತ್ರಾಂಶ ಕೋಡಿ ಬಳಸುವವರಿಗೆ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅಂತ ಒಂದು ಆಯ್ಕೆ ಇದೆ, ಸಿನಿಮಾದ 24ಕ್ಕೂ ನಮ್ಮ 25ಕ್ಕೂ ಅದೇ ಟಿವಿಯನ್ನು ಹೊಂದಿಸುತ್ತದೆ.

ಕೆಲವರು ಹೇಳುತ್ತಾರೆ, ಹಳೆಯದಕ್ಕೆ ನಿಜವಾಗಲೂ ಆಗದ ವಿಡಿಯೋಗಳೂ ಇವೆಯಲ್ಲ ಅಂತ. ಇವೆ. ಮಾವನ ಚಿಪ್ಪಿನಲ್ಲಿ ಎವಿ1 ಅನ್ನುವ ಹೊಸ ವಿಧಾನವನ್ನು ಬಿಡಿಸುವ ಭಾಗವಿಲ್ಲ. ಇಂಟೆಲ್ಲಿನಲ್ಲಿ ಅದು ಬಂದದ್ದು 2020ರ ಹನ್ನೊಂದನೇ ತಲೆಮಾರಿಗೆ. 4ಕೆ, 10 ಬಿಟ್ ಫೈಲು ಹಾಕಿದರೂ ಅದು ಏದುಸಿರು ಬಿಡುತ್ತದೆ. ಆದರೆ ಮಾವ ನೋಡುವುದು ಡಿವಿಡಿ ಮತ್ತು ಯೂಟ್ಯೂಬಿನ ಆಟ! ಯೂಟ್ಯೂಬ್ ಎವಿ1 ಕಳಿಸಿದರೂ ಬ್ರೌಸರ್‌ಗೆ ಸಣ್ಣ ಎಕ್ಸ್‌ಟೆನ್ಶನ್ ಹಾಕಿ ಎಚ್.264 ಕೇಳಬಹುದು, 1080ರವರೆಗೆ ಅದು ಧಾರಾಳ ಸಾಕು. ಆಗದ ಕೆಲಸ ಯಾವುದು ಅಂತ ನೋಡಿ, ಆಮೇಲೆ ಆಗದು ಅಂದರೆ ನನ್ನ ತಕರಾರಿಲ್ಲ.

ಈ ವಿಷಯಕ್ಕೆ ನಾನು ಇಷ್ಟು ಕುದಿಯುವುದಕ್ಕೆ ಕಾರಣವಿದೆ, ಇಲ್ಲಿ ಯಾವತ್ತೂ ಬರೆದಿಲ್ಲ. ಅಪ್ಪ ಮದ್ದಳೆ ಬಾರಿಸಿದ ಒಂದೇ ಒಂದು ಆಟ ವಿಡಿಯೋದಲ್ಲಿದೆ, ಅದೂ ಇಂಥದ್ದೇ ಡಿವಿಡಿಯಲ್ಲಿ. ಅಪ್ಪ ಈಗಿಲ್ಲ. ಆ ಬೆರಳುಗಳು ಮದ್ದಳೆಯ ಮೇಲೆ ಬೀಳುವ ಕ್ಷಣಕ್ಕೂ ಕೇಳುವ ಪೆಟ್ಟಿಗೂ ನಡುವೆ ಎಳೆಯಷ್ಟು ಅಂತರವಾದರೂ ನನಗೆ ಸಂಕಟವಾಗುತ್ತದೆ. ಯಕ್ಷಗಾನದ ದೊಡ್ಡ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಹೋದರು. ಅವರ ಭಸ್ಮಾಸುರ, ಅವರ ಕೀಚಕ ಮತ್ತೆ ರಂಗಕ್ಕೆ ಬರುವುದಿಲ್ಲ, ಉಳಿದಿರುವುದು ಚಿತ್ರೀಕರಣವಷ್ಟೇ. ಆ ಕಣ್ಣು, ಆ ಕಾಲು ಚೂರುಚೂರಾಗಿ ಕಾಣುತ್ತಿದ್ದರೆ, ‘ಹಳೇ ವಿಡಿಯೋ, ಹಾಗೇ ಇರೋದು’ ಅಂತ ಮಕ್ಕಳು ನಂಬಿಬಿಡುತ್ತಾರೆ. ಹಾಗಿಲ್ಲ. ಅದರಲ್ಲಿ ಸೆಕೆಂಡಿಗೆ 50 ಸಲ ಹಿಡಿದಿಟ್ಟ ಚಲನೆ ಇದೆ, ಪೂರ್ತಿ ಇದೆ. ನಾವು ತೋರಿಸುವುದೇ ತಪ್ಪಾಗಿದೆ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ವಿಡಿಯೋ ತಡೆತಡೆದು ಬಂದರೆ ಮೊದಲು ಲಕ್ಷಣ ನೋಡಿ. ಧ್ವನಿ ಮುಂದೋಡಿ ಚಿತ್ರ ಹಿಂದುಳಿದರೆ ಬಿಡಿಸುವ ಶಕ್ತಿ ಸಾಲುತ್ತಿಲ್ಲ, ಡ್ರೈವರ್ ನೋಡಿ. ಧ್ವನಿ ಸರಿಯಿದ್ದು ಒಂದೇ ಲಯದ ಕುಲುಕಾದರೆ ಹರ್ಟ್ಸ್ ನೋಡಿ. ಸ್ವಲ್ಪ ಹೊತ್ತು ಚೆನ್ನಾಗಿ ಓಡಿ ನಿಂತುಬಿಡುವುದಾದರೆ ವೈಫೈ ಅನುಮಾನಿಸಿ, ಫೈಲನ್ನು ಕಂಪ್ಯೂಟರಿಗೇ ಕಾಪಿ ಮಾಡಿಕೊಂಡು ಒಮ್ಮೆ ಓಡಿಸಿ. ಮೌಸಿನ ಬಾಣವೇ ಎಗರೆಗರಿ ಚಲಿಸಿದರೆ 4ಕೆ ಟಿವಿಗೆ ಹಳೆ ಎಚ್‌ಡಿಎಂಐ 1.4 ಪೋರ್ಟು ಸಿಕ್ಕಿಸಿರುತ್ತೀರಿ, ಅದು 4ಕೆಯಲ್ಲಿ 30 ಹರ್ಟ್ಸ್ ದಾಟದು, ಟಿವಿಯನ್ನು 1080ಕ್ಕೆ ಇಳಿಸಿ ನೋಡಿ.

ಇಷ್ಟಾದರೂ ಬಗೆಹರಿಯದಿದ್ದರೆ ವಿಡಿಯೋ ಓಡುತ್ತಿರುವಾಗಿನ ಟಾಸ್ಕ್ ಮ್ಯಾನೇಜರ್ ಫೋಟೊ ತೆಗೆದು ನನಗೆ ಇನ್‌ಬಾಕ್ಸ್ ಮಾಡಿ. ದುಡ್ಡು ಕೊಡುವುದಕ್ಕೆ ಮುಂಚೆ ಮಾಡಿ. ರಾತ್ರಿ ಎಷ್ಟೊತ್ತಾದರೂ ನೋಡುತ್ತೇನೆ.