ಫೈಲ್ ಹೊರೋರು ನಾವು, ಮಾತಾಡಬೇಕಾದವರು ಅವರು

ಕಲಬುರಗಿಯಲ್ಲಿ ಮನೆ ಮಾಡಿದ ಮೇಲೆ ಊರಲ್ಲಿ ಯಾರಿಗೆ ಏನಾದರೂ ದವಾಖಾನೆ ಓಡಾಟ ನನ್ನ ಪಾಲಿಗೇ. ನಿಮಗೆಲ್ಲ ಗೊತ್ತಿದ್ದದ್ದೇ. ಇವತ್ತು ಮಾತ್ರ ತಲೆ ಕೆಟ್ಟಿದೆ.

ಆಳಂದದ ಕಾಕಾಗೆ ಗಲ್ಲದ ಕ್ಯಾನ್ಸರ್. ಗುಟ್ಕಾ ಪುರಾಣ ಬೇಡ, ಅದನ್ನು ಹೇಳೋಕೆ ಊರ ತುಂಬ ಜನ ಇದ್ದಾರೆ. ಆಪರೇಷನ್ ಚೆನ್ನಾಗೇ ಆಯಿತು. ಈಗ ಕರೆಂಟ್ ಕೊಡಬೇಕು, ಅಂದರೆ ರೇಡಿಯೇಷನ್. ಆಗ ತಲೆ ಅಲುಗಾಡದಂತೆ ಮುಖಕ್ಕೆ ಹಾಕೋ ಮಾಸ್ಕಿನ ಅಳತೆಗೆ ಹೋದರೆ ಅಲ್ಲಿನ ಡಾಕ್ಟರು ಬಾಯಿ ತೆರೆಸಿ ನೋಡಿ, "ಹಲ್ಲಿನ ಡಾಕ್ಟರ್‌ಗೆ ತೋರಿಸೀರೇನ್ರಿ?" ಅಂದರು.

"ಇಲ್ರಿ ಸರ, ಯಾರೂ ಹೇಳಿಲ್ರಿ."

"ಯಾಕ ಹೇಳಿಲ್ಲ?"

ಅದನ್ನೂ ನನ್ನನ್ನೇ ಕೇಳಬೇಕೇ!

ಸಣ್ಣ ವಿಷಯ ಅಲ್ಲ ಇದು. ದವಡೆಗೆ ರೇಡಿಯೇಷನ್ ಬಿದ್ದ ಮೇಲೆ ಮೂಳೆಗೆ ರಕ್ತ ಹರಿಯೋದು ಕಡಿಮೆ ಆಗುತ್ತದೆ. ಆಮೇಲೆ ಹುಳುಕು ಹಲ್ಲು ಕಿತ್ತರೆ ಗಾಯ ಮಾಯದೇ ಇರಬಹುದು, ಮೂಳೆಯೇ ಸಾಯಬಹುದು. ಅದಕ್ಕೇ ಮೊದಲೇ ಕಿತ್ತು, ಸುಮಾರು 2 ವಾರ ಮಾಯಲು ಬಿಡಬೇಕು. ಅತ್ತ ಆಪರೇಷನ್ ಆಗಿ 6 ವಾರದೊಳಗೆ ರೇಡಿಯೇಷನ್ ಶುರು ಆದರೆ ಒಳ್ಳೇದು. ಲೆಕ್ಕ ನೀವೇ ಹಾಕಿ. ಆಪರೇಷನ್ ದಿನ ಅರಿವಳಿಕೆ ಕೊಟ್ಟೇ ಇತ್ತು, ಬಾಯಿ ತೆರೆದೇ ಇತ್ತು. ಆವತ್ತೇ ಕೀಳಬಹುದಿತ್ತಲ್ವಾ?

ಹೇಗೆ ಕೀಳ್ತಾರೆ? ಡಾಕ್ಟರುಗಳು ಒಬ್ಬರಿಗೊಬ್ಬರು ಮಾತಾಡಿದ್ದರೆ ತಾನೆ! ಇವರ ನಡುವಿನ ಸಂಪರ್ಕ ಅಂದರೆ ಸೀರೆ ಅಂಗಡಿಯ ಕ್ಯಾರಿಬ್ಯಾಗ್. ಸ್ಕ್ಯಾನ್ ಫಿಲ್ಮ್, ಬಯಾಪ್ಸಿ ರಿಪೋರ್ಟ್, ಡಿಸ್ಚಾರ್ಜ್ ಕಾರ್ಡ್ ಎಲ್ಲ ಅದರಲ್ಲೇ. ಅದನ್ನು ಹಿಡಿದು ಮಹಡಿಯಿಂದ ಮಹಡಿಗೆ ಹೋಗೋದು ನಾನು. ಫೈಲಿನ ಕೊನೆ ಹಾಳೆಯಲ್ಲಿ ವಾರ್ಡಿನ ಸಿಸ್ಟರ್ ಒಬ್ಬರು ಕೆಂಪು ಪೆನ್ನಲ್ಲಿ ಬರೆದಿದ್ದಾರೆ: ತೂಕ 4 ಕೆಜಿ ಇಳಿದಿದೆ, ಡಯಟೀಷಿಯನ್‌ಗೆ ತೋರಿಸಿ. ಆ ಹಾಳೆ ತಿರುವಿದವರು ನಾನೊಬ್ಬನೇ.

ಮುಂಬೈನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರ್ಜನ್, ರೇಡಿಯೇಷನ್, ಕೀಮೋ ಡಾಕ್ಟರುಗಳು ಒಟ್ಟಿಗೆ ಕೂತು ಕೇಸ್ ನೋಡೋದು ರೂಢಿ. ಸ್ಕ್ಯಾನ್ ಓದೋರು, ಬಯಾಪ್ಸಿ ನೋಡೋರೂ ಸೇರಿದರೆ ಅದಕ್ಕೆ ಟ್ಯೂಮರ್ ಬೋರ್ಡ್ ಅಂತಾರೆ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್, ಅಂದರೆ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲ, ಇದನ್ನು ಆನ್‌ಲೈನ್‌ನಲ್ಲೂ ನಡೆಸುತ್ತದೆ. ಅಂದರೆ ಮುಂಬೈಗೆ ಹೋಗೋದೂ ಬೇಡ.

ಡಾಕ್ಟರ್ ಗೆಳೆಯನೊಬ್ಬ ಫೋನಲ್ಲಿ, "ಓಪಿಡಿ ಗದ್ದಲ ನೋಡಿಯೇನು? ಬೀದರ್, ಯಾದಗಿರಿ ಮಂದಿನೂ ಇಲ್ಲೇ ಬರ್ತಾರ" ಅಂದ. ನೋಡೀನಪ್ಪ, ಮುಂಜಾನೆಯಿಂದ ಅಲ್ಲೇ ನಿಂತಿರ್ತೀನಿ. ಗದ್ದಲ ಇದ್ದಾಗಲೇ ಮಾತಾಡಿಕೊಳ್ಳೋದು ಜಾಸ್ತಿ ಬೇಕು. ಇವತ್ತಿನ ಅಳತೆ ಸುಮ್ನೆ ದಂಡ ಆಯಿತು, ಆ ಜಾಗದಲ್ಲಿ ಇನ್ನೊಬ್ಬ ಪೇಷೆಂಟ್ ಆಗುತ್ತಿದ್ದ. ಗುಡ್ ಮಾರ್ನಿಂಗ್ ಹೂವು ಕಳಿಸೋಕೆ ಈ ಡಾಕ್ಟರುಗಳದ್ದೇ ವಾಟ್ಸಾಪ್ ಗ್ರೂಪ್ ಇದೆಯಲ್ಲ, ಅದರಲ್ಲೇ ಒಂದು ಸಾಲು ಹಾಕಿದ್ದರೂ ಸಾಕಿತ್ತು.

ಸರ್ಜನ್ ಮನುಷ್ಯ ಒಳ್ಳೆಯವರು. ಊಟ ಬಿಟ್ಟು ಕೆಲಸ ಮಾಡ್ತಾರೆ. ಬೈಯೋಕೂ ಮನಸ್ಸು ಬರೋದಿಲ್ಲ, ಅದಕ್ಕೇ ಇನ್ನೂ ಸಿಟ್ಟು.

ಸೋಮವಾರ ಹಲ್ಲು ಕೀಳಿಸಬೇಕು. ರೇಡಿಯೇಷನ್ ಜೊತೆ ಸಿಸ್ಪ್ಲಾಟಿನ್ ಅನ್ನೋ ಕೀಮೋ ಔಷಧ ಕೊಡೋದಾದರೆ ಮೊದಲು ಕಿಡ್ನಿ, ಕಿವಿ ಎರಡನ್ನೂ ನೋಡಬೇಕಂತೆ. ಕಿವಿ ಡಾಕ್ಟರು ಬೇರೆ ಬಿಲ್ಡಿಂಗ್. ಅವರಿಗೂ ಚೀಟಿ ನಾನೇ ಒಯ್ಯುತ್ತೇನೆ, ಯಾರಾದರೂ ಬರೆದುಕೊಟ್ಟರೆ.