ಅಳಿಯ ಹೋದ, ಇಂಗ್ಲಿಷ್ ಉಳಿಯಿತು

2017ರ ಮೇ ತಿಂಗಳು, ಇಟಲಿಯ ಫ್ಲಾರೆನ್ಸ್. ಯೂರೋಪಿಯನ್ ಒಕ್ಕೂಟದ ಆಡಳಿತ ನೋಡುವ ಯೂರೋಪಿಯನ್ ಕಮಿಷನ್ನಿನ ಆಗಿನ ಅಧ್ಯಕ್ಷ ಝಾನ್-ಕ್ಲೋದ್ ಯುಂಕರ್ ಮೈಕಿನ ಮುಂದೆ ನಿಂತರು. ಯೂರೋಪಿನಲ್ಲಿ ಇಂಗ್ಲಿಷಿನ ಮಹತ್ವ ಮೆಲ್ಲಗೆ ಕರಗುತ್ತಿದೆ, ನಾನು ಫ್ರೆಂಚಿನಲ್ಲೇ ಮಾತಾಡುತ್ತೇನೆ ಎಂದರು. ಸಭೆ ನಕ್ಕು ಚಪ್ಪಾಳೆ ತಟ್ಟಿತು. ಇಂಗ್ಲಿಷ್ ಮುಳುಗುತ್ತಿದೆ ಅನ್ನುವ ಆ ಮಾತನ್ನು ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಎಲ್ಲರಿಗೂ ಅರ್ಥವಾಗಬೇಕಲ್ಲ!

ಯುಂಕರ್ ಲಕ್ಸೆಂಬರ್ಗಿನವರು. ಒಕ್ಕೂಟಕ್ಕೆ ಪಾಯ ಹಾಕಿದ ಆರು ದೇಶಗಳಲ್ಲಿ ಅದೂ ಒಂದು. ಆದರೆ ಒಕ್ಕೂಟದ 24 ಅಧಿಕೃತ ಭಾಷೆಗಳಲ್ಲಿ ಲಕ್ಸೆಂಬರ್ಗಿಷ್ ಇಲ್ಲ. ಆ ದೇಶ ಕೇಳಲೂ ಇಲ್ಲ. ಪಾಪ, ಕೇಳಿದವರ ಪಾಡು ಏನಾಯಿತು ಅಂತ ಮುಂದೆ ನೋಡಿ.

24 ಭಾಷೆ ಅಂದರೆ ಸುಮ್ನೆ ಅಲ್ಲ. ಯಾವುದರಿಂದ ಯಾವುದಕ್ಕೆ ಅಂತ ಲೆಕ್ಕ ಹಾಕಿದರೆ 552 ಜೋಡಿಗಳಾಗುತ್ತವೆ. ಮಾಲ್ಟೀಸಿನಿಂದ ನೇರ ಎಸ್ಟೋನಿಯನ್‌ಗೆ ದಾಟಿಸುವ ಪುಣ್ಯಾತ್ಮನನ್ನು ಎಲ್ಲಿಂದ ತರುವುದು? ಅದಕ್ಕೇ ಒಕ್ಕೂಟದ ಪಾರ್ಲಿಮೆಂಟಿನಲ್ಲಿ ದುಭಾಷಿಗಳು ಕೂರುವ ಗಾಜಿನ ಗೂಡುಗಳಲ್ಲಿ ರಿಲೇ ಓಟ. ಮಾಲ್ಟಾದವರು ಆಡಿದ್ದನ್ನು ಒಬ್ಬರು ಇಂಗ್ಲಿಷಿಗೆ ತರುತ್ತಾರೆ, ಅದನ್ನು ಕಿವಿಗೆ ಹಾಕಿಕೊಂಡ ಇನ್ನೊಬ್ಬರು ಎಸ್ಟೋನಿಯನ್‌ಗೆ. ಹಾಗಾಗಿ ಯಾರಾದರೂ ಜೋಕ್ ಹೊಡೆದರೆ ನಗು ಕಂತಿನಲ್ಲಿ ಬರುತ್ತದೆ. ಈ ಸಾಲು ನಕ್ಕು ಮುಗಿಸಿದ ಮೇಲೆ ಆ ಸಾಲು ಶುರು. ಅಷ್ಟರಲ್ಲಿ ಭಾಷಣಕಾರರು ಯಾವುದೋ ದುರಂತಕ್ಕೆ ಸಂತಾಪ ಸೂಚಿಸುತ್ತಿದ್ದರೆ ಅವರ ಗ್ರಹಚಾರ. ಇನ್ನು ಜೋಕು ಅನುವಾದಕ್ಕೇ ಬಗ್ಗದಿದ್ದರೆ, 'ಇವರೀಗ ಜೋಕ್ ಹೇಳಿದರು, ದಯವಿಟ್ಟು ನಗಿ' ಅಂತ ದುಭಾಷಿಗಳು ಕಿವಿಯಲ್ಲಿ ಉಸುರುವುದೂ ಉಂಟಂತೆ. ನಿಜವೋ ಸುಳ್ಳೋ, ಆ ಕಸುಬಿನವರೇ ಹೇಳಿಕೊಂಡು ನಗುವ ಕತೆ.

2002ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಒಕ್ಕೂಟದ ನಾಯಕರು ಪ್ರತಿ ಮಗುವೂ ತಾಯ್ನುಡಿಯ ಜೊತೆ ಇನ್ನೆರಡು ಭಾಷೆ ಕಲಿಯಬೇಕು ಎಂದರು. ಹತ್ತು ವರ್ಷ ಬಿಟ್ಟು ಸಮೀಕ್ಷೆ ಮಾಡಿದರೆ, ಇನ್ನೆರಡು ಭಾಷೆಯಲ್ಲಿ ಮಾತಾಡಬಲ್ಲೆವು ಎಂದವರು ನೂರಕ್ಕೆ 25. ಮಕ್ಕಳು ಜಾಣರು. ಆ ಎರಡರಲ್ಲಿ ಮೊದಲನೆಯದಾಗಿ ಇಂಗ್ಲಿಷ್ ಹಿಡಿದರು, ಎರಡನೆಯದನ್ನು ಪರೀಕ್ಷೆ ಮುಗಿದ ದಿನವೇ ಕೈಬಿಟ್ಟರು. ನಮಗೇನು ಇದು ಹೊಸ ಸಿನಿಮಾನಾ? ತ್ರಿಭಾಷಾ ಸೂತ್ರ 1968ರಿಂದ ಓಡುತ್ತಲೇ ಇದೆ. ಕನ್ನಡವೋ ತಮಿಳೋ ಕೂರಬೇಕಿದ್ದ ಮೂರನೇ ಕುರ್ಚಿಯಲ್ಲಿ ಉತ್ತರದವರು ಸಂಸ್ಕೃತವನ್ನು ಕೂರಿಸಿ ಕೈ ಮುಗಿದದ್ದನ್ನು ಕಂಡವರು ನಾವು.

ಐರಿಷ್ ಭಾಷೆಯ ಕತೆ ಇನ್ನೂ ಸೊಗಸು. 2007ರಲ್ಲಿ ಅದಕ್ಕೆ ಅಧಿಕೃತ ಪಟ್ಟ ಕಟ್ಟಿದರು. ಬೆನ್ನಿಗೇ ಒಂದು ವಿನಾಯಿತಿ: ಅನುವಾದಕರು ಸಾಲದ ಕಾರಣ ಎಲ್ಲ ದಾಖಲೆಗಳನ್ನೂ ಐರಿಷ್‌ಗೆ ತರಬೇಕಿಲ್ಲ. ಆ ವಿನಾಯಿತಿ ಪೂರ್ತಿ ತೆರವಾದದ್ದು 2022ರ ಜನವರಿ 1ಕ್ಕೆ. ಹದಿನೈದು ವರ್ಷ ಪೇಟ ತೊಡಿಸಿ ಊಟಕ್ಕೆ ಮಾತ್ರ ಅರ್ಧ ಎಲೆ ಹಾಕಿದ ಹಾಗೆ.

ಅಷ್ಟರಲ್ಲಿ ಬ್ರಿಟನ್ ಜಗಳ ಆಡಿಕೊಂಡು ಮನೆ ಬಿಟ್ಟಿತ್ತು. 2016ರಲ್ಲಿ ಅಲ್ಲಿನವರು ಒಕ್ಕೂಟ ಬಿಡಲು ಮತ ಹಾಕಿದ ಕೆಲವೇ ದಿನಕ್ಕೆ ಒಕ್ಕೂಟದ ಪಾರ್ಲಿಮೆಂಟಿನ ಪೋಲೆಂಡ್ ಸಂಸದೆ ದನುತಾ ಹ್ಯೂಬ್ನರ್ ಒಂದು ಸೂಕ್ಷ್ಮ ಎತ್ತಿದರು. ಐರ್ಲೆಂಡ್ ಬರೆಸಿದ್ದು ಐರಿಷ್, ಮಾಲ್ಟಾ ಬರೆಸಿದ್ದು ಮಾಲ್ಟೀಸ್, ಇಂಗ್ಲಿಷ್ ಬರೆಸಿದ್ದು ಬ್ರಿಟನ್ ಒಂದೇ. ಅದು ಹೋದರೆ ಇಂಗ್ಲಿಷೂ ಹೋದಂತೆ, ಅಲ್ವಾ? ಕಮಿಷನ್ ಗಡಿಬಿಡಿಯಿಂದ ಸಮಜಾಯಿಷಿ ಕೊಟ್ಟಿತು: ಭಾಷೆಯ ನಿಯಮ ಬದಲಿಸಲು ಎಲ್ಲ ದೇಶಗಳೂ ಒಮ್ಮತದಿಂದ ಒಪ್ಪಬೇಕು. ಅಲ್ಲಿಗೆ ಇಂಗ್ಲಿಷ್ ಕಾಲು ಚಾಚಿ ಮಲಗಿತು. ಮನೆ ಅಳಿಯ ಹೋದ, ಅವನ ಟ್ರಂಕು ನಡುಮನೆಯಲ್ಲೇ ಉಳಿಯಿತು. ಎಲ್ಲರ ಬಟ್ಟೆಯೂ ಅದರೊಳಗೇ ಇದ್ದದ್ದರಿಂದ ಹೊರಗೆ ಎಸೆಯುವ ಹಾಗೂ ಇಲ್ಲ. ಒಳಗಿದ್ದೂ ಇದ್ದೂ ಆ ಇಂಗ್ಲಿಷಿಗೆ ಬೇರೆಯದೇ ವಾಸನೆ ಹತ್ತಿದೆ. ಒಕ್ಕೂಟದ ಲೆಕ್ಕಪರಿಶೋಧಕರ ಸಂಸ್ಥೆ ತನ್ನವರು ತಪ್ಪಾಗಿ ಬಳಸುವ ಇಂಗ್ಲಿಷ್ ಪದಗಳದ್ದೇ ಒಂದು ಪಟ್ಟಿ ಮಾಡಿ ಹೊರತಂದಿತ್ತು. ಅದರಲ್ಲಿದ್ದ 'ಪ್ಲಾನಿಫಿಕೇಷನ್', 'ಕಾಮಿಟಾಲಜಿ'ಗಳನ್ನು ಲಂಡನ್ನಿನ ಬೀದಿಯಲ್ಲಿ ಯಾರಿಗಾದರೂ ಹೇಳಿ ನೋಡಿ, ಕಾಯಿಲೆಯ ಹೆಸರು ಅಂದುಕೊಂಡಾರು.

ಇನ್ನು ಬಾಗಿಲ ಹೊರಗೆ ನಿಂತ ಸ್ಪೇನಿನ ಕತಲಾನ್ ಭಾಷೆ. ಅದನ್ನು ಆಡುವವರು ಡೆನ್ಮಾರ್ಕಿನ ಜನಸಂಖ್ಯೆಗಿಂತ ಜಾಸ್ತಿ. ತಾಯ್ನುಡಿಯ ಜೊತೆ ಇನ್ನೆರಡು ಕಲಿಯಿರಿ ಅಂತ ನಾಯಕರು ಅಪ್ಪಣೆ ಕೊಡಿಸಿದರಲ್ಲ, ಆ ಬಾರ್ಸಿಲೋನಾದ ಬೀದಿಯ ಮಾತುಗಳಲ್ಲಿ ಇದೂ ಒಂದು. 2023ರ ಆಗಸ್ಟಿನಲ್ಲಿ ಸ್ಪೇನ್ ಇದನ್ನೂ ಬಾಸ್ಕ್, ಗಲಿಷಿಯನ್ ಭಾಷೆಗಳನ್ನೂ ಪಟ್ಟಿಗೆ ಸೇರಿಸಿ ಎಂದಿತು, ಖರ್ಚು ನಮ್ಮದೇ ಎಂದೂ ಹೇಳಿತು. ಮನೆಯಲ್ಲೇನು ಎಲ್ಲ ಸರಿಯಿತ್ತೇ? ಸೆಪ್ಟೆಂಬರಿನಲ್ಲಿ ಮ್ಯಾಡ್ರಿಡ್‌ನ ಸಂಸತ್ತಿನ ಕೆಳಮನೆ ಮೊದಲ ಸಲ ಈ ಭಾಷೆಗಳಿಗೆ ಅವಕಾಶ ಕೊಟ್ಟು ಸದಸ್ಯರಿಗೆಲ್ಲ ಇಯರ್‌ಫೋನ್ ಹಂಚಿದರೆ, ಕಟ್ಟಾ ಬಲಪಂಥೀಯ ವೋಕ್ಸ್ ಪಕ್ಷದವರು ಎದ್ದು ಬಂದು ಪ್ರಧಾನಿ ಸಾಂಚೆಜ್ ಅವರ ಖಾಲಿ ಸೀಟಿನ ಮೇಲೆ ಅವನ್ನು ಗುಡ್ಡೆ ಹಾಕಿ ಹೊರನಡೆದರು.

ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸಿನಲ್ಲಿ ಇಂಥ ರಂಪಾಟ ಇಲ್ಲ, ಅವರು ಸಭ್ಯರು. ಇಂಗ್ಲಿಷನ್ನು ಹೊರಗೆ ಹೋಗದಂತೆ ಕಾದ ಅದೇ ಒಮ್ಮತದ ಬೀಗ ಕತಲಾನ್ ಒಳಗೆ ಬಾರದಂತೆಯೂ ಕಾಯುತ್ತಿದೆ. 27 ದೇಶಗಳಲ್ಲಿ ಒಂದು ಗೊಣಗಿದರೂ ಸಾಕು. ಕಾನೂನು ನೋಡಬೇಕು, ಖರ್ಚು ನೋಡಬೇಕು, ನಾಳೆ ಇನ್ನೊಬ್ಬರು ಕೇಳಿದರೆ ಏನು ಮಾಡುವುದು ಅಂತ ವಿಷಯ ಸಭೆಯಿಂದ ಸಭೆಗೆ ಮುಂದಕ್ಕೆ ಹೋಯಿತು. ಜೋಕು ದಾಟಿಸಲು ಅಷ್ಟು ತಿಣುಕುವ ಗಾಜಿನ ಗೂಡಿನವರಿಗೆ 'ನೋಡೋಣ' ಅನ್ನುವ ಮಾತಿಗೆ ಮಾತ್ರ ರಿಲೇ ಬೇಕಾಗಿರಲಿಕ್ಕಿಲ್ಲ.